ಪಿಟೀಲಿಗೂ ಏಳದವನು

ನಿಲ್ದಾಣದಲ್ಲಿ ಸುಮ್ಮನೆ ಕಾಲಹರಣ ಮಾಡುವವರನ್ನು ಎಬ್ಬಿಸಲು ಶಾಸ್ತ್ರೀಯ ಸಂಗೀತ ಹಾಕಿ ಎಂದು ಮೇಲಿನಿಂದ ಆದೇಶ ಬಂತು. ರೈಲುಗಳ ಘೋಷಣೆ ಮಾಡುವವಳು ನಾನು; ಈ ಉಸಾಬರಿಯೂ ನನ್ನ ತಲೆಗೇ ಬಂತು. ಸಂಜೆ ನಾಲ್ಕಕ್ಕೆ ಪಿಟೀಲು ಶುರುವಾದರೆ ಐದರೊಳಗೆ ಬೆಂಚುಗಳೆಲ್ಲ ಖಾಲಿ.

ಒಬ್ಬನನ್ನು ಬಿಟ್ಟು.

ನೀಲಿ ಶರ್ಟು, ತೊಡೆಯ ಮೇಲೆ ನೋಟ್‌ಬುಕ್ಕು. ಯಾವ ರೈಲನ್ನೂ ಹತ್ತುತ್ತಿರಲಿಲ್ಲ. ಪಿಟೀಲು ನುಡಿಯುವಷ್ಟು ಹೊತ್ತು ಸುಮ್ಮನಿದ್ದು, ನಾನು ಅದನ್ನು ತಗ್ಗಿಸಿ ಮೈಕ್ ಹಿಡಿದೊಡನೆ ಪೆನ್ನು ತೆಗೆಯುತ್ತಿದ್ದ. ನನ್ನ ಕೋಣೆಯ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದ. ನಾನು ನೋಡಿದರೆ ಗಡಿಯಾರದತ್ತ ತಿರುಗುತ್ತಿದ್ದ.

"ನಿನ್ನ ಮೇಲೇ ಕಣ್ಣಿಟ್ಟಿದಾನೆ ಕಣೇ," ಎಂದರು ಟಿಕೆಟ್ ಕೌಂಟರಿನಲ್ಲಿ ಕೂರುವ ನನ್ನ ಚಿಕ್ಕಮ್ಮ.

"ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಬಂದಿದಾನೆ ಚಿಕ್ಕಮ್ಮ."

ಘೋಷಣೆಗೆ ಇನ್ನು ಮನುಷ್ಯರು ಬೇಡ, ಕಂಪ್ಯೂಟರಿನ ದನಿಯೇ ಸಾಕು ಎಂಬ ಮಾತು ಆಫೀಸಿನಲ್ಲಿ ಓಡಾಡುತ್ತಿತ್ತು. ಒಂಬತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ನನಗೆ ಬೇರೇನೂ ಬರದು. ಅವನು ಬಂದು ಕೂರತೊಡಗಿದ ಹನ್ನೊಂದನೇ ದಿನ ತಡೆಯಲಾರದೆ ಹೊರಗೆ ಬಂದು ಅವನೆದುರು ನಿಂತೆ.

"ನೋಟ್‌ಬುಕ್ ಕೊಡಿ."

ಮರುಮಾತಿಲ್ಲದೆ ಕೊಟ್ಟ. ಇಷ್ಟು ಸುಲಭವಾಗಿ ಕೊಟ್ಟದ್ದೂ ನನಗೆ ಅನುಮಾನವೇ. ಮೊದಲ ಪುಟದ ತಲೆಯಲ್ಲಿ 'ಘೋಷಣೆಯ ತಪ್ಪುಗಳು' ಎಂದಿತ್ತು. ಮೈಯೆಲ್ಲ ಉರಿದುಹೋಯಿತು.

"ಹೆಡ್ ಆಫೀಸಿನವರಾ?"

"ಹೌದು. ಮೂರು ದಿನ ಕೂತು ತಪ್ಪು ಎಣಿಸೋಕೆ ಕಳಿಸಿದ್ರು. ಒಂದಿದ್ರೂ ನಿಮ್ಮ ಜಾಗಕ್ಕೆ ಕಂಪ್ಯೂಟರ್ ತರ್ತಿದ್ರು. ಸೊನ್ನೆ ಅಂತ ಬರೆದುಕೊಟ್ಟೆ."

"ಸುಳ್ಳು. ಎರಡನೇ ದಿನ ಐದೂವರೆ ಗಾಡಿಗೆ ಪ್ಲಾಟ್‌ಫಾರಂ ತಪ್ಪು ಹೇಳಿದ್ದೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಗೊತ್ತು. ತಕ್ಷಣ ಓಡಿಬಂದು, ತಪ್ಪು ಪ್ಲಾಟ್‌ಫಾರಂನಲ್ಲಿ ನಿಂತಿದ್ದ ಅಜ್ಜಿಯ ಎರಡು ಚೀಲ ಹೊತ್ಕೊಂಡು, ಅವರನ್ನ ಆ ಕಡೆ ದಾಟಿಸಿದ್ರಿ. ಆಮೇಲೆ ಬರೆಯೋಕೆ ಮನಸ್ಸೇ ಬರಲಿಲ್ಲ."

"ಮೂರು ದಿನ ಮುಗೀತಲ್ಲ. ಮತ್ತೆ ಎಂಟು ದಿನ ಯಾಕೆ ಬಂದ್ರಿ?"

ಅವನ ಕಿವಿ ಕೆಂಪಾಯಿತು. "ಪುಟ ತಿರುಗಿಸಿ."

ತಿರುಗಿಸಿದೆ. ಉದ್ದಕ್ಕೂ ಊರುಗಳ ಹೆಸರು.

"ನೀವು ಹೇಳಿದ ಊರುಗಳು. ನಿಮ್ಮ ಬಾಯಲ್ಲಿ ಕೇಳಿದ್ರೆ ಎಲ್ಲಾ ಊರಿಗೂ ಹೋಗ್ಬೇಕು ಅನ್ಸುತ್ತೆ. ನಿಮ್ಮ ಜೊತೆ."

ಇದೂ ಒಂದು ಪರೀಕ್ಷೆ ಇರಬಹುದೇ ಎಂದು ಅವನ ಮುಖವನ್ನೇ ದಿಟ್ಟಿಸಿದೆ. ಅವನು ಈ ಸಲ ಗಡಿಯಾರದ ಕಡೆ ತಿರುಗಲಿಲ್ಲ. ನಾನು ನೋಟ್‌ಬುಕ್ ಮುಚ್ಚಿದೆ.

"ಆವತ್ತು ತಪ್ಪು ಯಾಕಾಯ್ತು ಗೊತ್ತಾ? ಮೈಕ್ ಹಿಡಿದು ನಿಮ್ಮನ್ನೇ ನೋಡ್ತಾ ಇದ್ದೆ."

"ಅನುಮಾನದಿಂದಲಾ?"

"ಹಾಗಂತ ಅಂದ್ಕೊಂಡಿದ್ದೆ," ಎಂದು ಅವನ ಪಕ್ಕದಲ್ಲಿ ಕೂತೆ.