ನಡುಬೆನ್ನಿನ ನಾಲ್ಕು ಹುಕ್ಕು

"ಮೊದಲು ಆ ಕೈ ತೆಗೀರಿ ಅಲ್ಲಿಂದ."

ಇವರಿಬ್ಬರ ಪ್ರೇಮ ಶುರುವಾದದ್ದು ಹೀಗೆ, ನೋಡಿ!

ವಸ್ತುಸಂಗ್ರಹಾಲಯದ ಮೂರನೇ ಮಹಡಿಯಲ್ಲಿ ಹಳೆಯ ಉಡುಪುಗಳನ್ನು ದುರಸ್ತಿ ಮಾಡುವ ಕೋಣೆ. ಅಲ್ಲಿ ಅವಳದೇ ಕಾರುಬಾರು. ಮೇಜಿನ ಮೇಲೆ ಆಗಷ್ಟೇ ಬಿಚ್ಚಿದ ಪೆಟ್ಟಿಗೆ, ಅದರಲ್ಲಿ ಕಡುಹಸಿರು ಮಖಮಲ್ಲಿನ ಗೌನು, ಗೌನಿನ ಮೇಲೊಂದು ಗ್ರೀಸು ಮೆತ್ತಿದ ಗಂಡಸಿನ ಕೈ. ಕೈಯ ಒಡೆಯ ಆ ಕಟ್ಟಡದ ಲಿಫ್ಟ್ ಮೆಕ್ಯಾನಿಕ್.

ಅವನು ತಟ್ಟನೆ ಕೈ ಹಿಂದೆ ಬಚ್ಚಿಟ್ಟುಕೊಂಡ. "ತೊಳೆದೇ ಬಂದೆ ಮೇಡಂ. ಉಗುರಿನ ಸಂದೀದು ಹೋಗಲ್ಲ. ಪ್ರದರ್ಶನಕ್ಕೆ ಹಳೇ ಬಟ್ಟೆ ಬೇಕು ಅಂತ ಬೋರ್ಡ್ ಹಾಕಿದ್ರಲ್ಲ... ಇದು ನಮ್ಮ ತಾತಂದು."

"ಅಜ್ಜೀದು ಅನ್ನಿ."

"ಅಲ್ಲ, ತಾತಂದೇ."

ಹೆಂಗಸರು ನಾಟಕದಲ್ಲಿ ಪಾತ್ರ ಮಾಡಬಾರದೆಂಬ ಕಾಲದಲ್ಲಿ ಆ ತಾತ ಮೂವತ್ತು ವರ್ಷ ರಾಣಿಯಾಗಿದ್ದವರಂತೆ. ಊರಿನ ಹೆಣ್ಣುಮಕ್ಕಳು ಅವರ ನಡಿಗೆ ನೋಡಿ ತಮ್ಮ ನಡಿಗೆ ತಿದ್ದಿಕೊಳ್ಳುತ್ತಿದ್ದರಂತೆ. ಬೆಳಗಾದರೆ ಅದೇ ರಾಣಿ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದರು!

ಅವಳು ಗೌನಿನ ಅಗಲವಾದ ಭುಜ ನೋಡಿದಳು, ಎದೆಗೆ ಹತ್ತಿ ತುಂಬಿ ಹೊಲಿದ ಒಳಪದರ ಮುಟ್ಟಿದಳು. ಮೈ ಜುಮ್ಮೆಂದಿತು.

ಪಕ್ಕದ ಮೇಜಿನ ಮೇಲೆ ಸೈನಿಕನ ಕೋಟೊಂದಿತ್ತು. ಹನ್ನೊಂದು ವರ್ಷ ಅದನ್ನು ತೊಟ್ಟು ಕಾದಾಡಿದ್ದು ಹೆಂಗಸೆಂದು ಗೊತ್ತಾದದ್ದು ಅವಳು ಸತ್ತ ಮೇಲೆ. ಪ್ರದರ್ಶನ ಇಂಥವರದೇ. ಬಟ್ಟೆ ನೋಡಿ ತೊಟ್ಟವರ ಜಾತಕ ಹೇಳುತ್ತೇನೆಂದು ಬೀಗುತ್ತಿದ್ದ ಅವಳು ಈ ಎರಡರ ಮುಂದೆ ಸೋತಳು. ಒಂದು ಅಂಗಿಯೊಳಗೆ ಒಬ್ಬ ಮನುಷ್ಯ ಇಷ್ಟೆಲ್ಲ ಆಗಬಹುದೇ...

ಅಂದಿನಿಂದ ಮೂರನೇ ಮಹಡಿಯ ಲಿಫ್ಟಿಗೆ ದಿನಕ್ಕೊಂದು ಕಾಯಿಲೆ. ರಿಪೇರಿಯವನು ಬರುತ್ತಿದ್ದ, ಬಾಗಿಲಲ್ಲೇ ನಿಂತು ತಾತನ ಕಥೆ ಹೇಳುತ್ತಿದ್ದ. ಅವಳು ಸೂಜಿಯಿಂದ ಕಣ್ಣೆತ್ತದೆ ನಗುತ್ತಿದ್ದಳು. ಮೂರು ವಾರದಲ್ಲಿ ಕಣ್ಣೆತ್ತುವುದೂ ಶುರುವಾಯಿತು. ಇಷ್ಟು ಮೆತ್ತಗೆ ಮಾತಾಡುವ ಗಂಡಸನ್ನು ಅವಳು ನೋಡಿರಲಿಲ್ಲ.

ಒಂದು ಸಂಜೆ ಗೌನಿನ ಬೆನ್ನು ಪರೀಕ್ಷಿಸುವಾಗ ಅವಳ ಕೈ ನಿಂತಿತು. ಹದಿನಾರು ಹುಕ್ಕುಗಳೂ ಹೊಸವು. ಕುತ್ತಿಗೆಯ ಹತ್ತಿರದ ಹುಕ್ಕುಗಳ ಸುತ್ತ ಕಪ್ಪು ಬೆರಳಚ್ಚು. ಗ್ರೀಸು!

ತಾತ ತೀರಿಕೊಂಡು ಇಪ್ಪತ್ತು ವರ್ಷ. ಹಾಗಾದರೆ ಈಚೆಗೆ ಯಾವಳೋ ಇದನ್ನು ತೊಟ್ಟಿದ್ದಾಳೆ. ಇವನು ಅವಳ ಬೆನ್ನಿಗೆ ಹುಕ್ಕು ಹಾಕಿಕೊಟ್ಟಿದ್ದಾನೆ.

ನಾನೆಂಥ ಪೆದ್ದಿ...

ಮರುದಿನ ಅವನು ಬಂದಾಗ ಅವಳು ಗೌನನ್ನು ತಿರುಗಿಸಿ ತೋರಿಸಿದಳು. "ಇಂಥ ಗೌನನ್ನ ಮೊನ್ನೆ ಮೊನ್ನೆ ತೊಟ್ಟಿದ್ದಾರಲ್ಲ. ತೊಟ್ಟವರಿಗೆ ನಾಚಿಕೆ ಅನ್ನೋದು ಬೇಡ್ವಾ?"

ಅವನ ಮುಖ ಬಿಳಿಚಿಕೊಂಡಿತು. "ಇನ್ನು ಯಾರೂ ತೊಡಲ್ಲ ಮೇಡಂ. ಗಾಜಿನ ಪೆಟ್ಟಿಗೇಲಿ ಹಾಕಿ ಬೀಗ ಹಾಕಿಬಿಡಿ," ಎಂದು ಹೊರಟುಹೋದ.

ಆಮೇಲೆ ನಾಲ್ಕು ದಿನ ಲಿಫ್ಟ್ ಒಮ್ಮೆಯೂ ಕೆಡಲಿಲ್ಲ. ಸರಿಯಾಗಿ ಓಡುವ ಲಿಫ್ಟಿನ ಮೇಲೆ ಅವಳಿಗೆ ಅಳುವಷ್ಟು ಸಿಟ್ಟು ಬಂತು.

ಐದನೆಯ ದಿನ ಸಂಗ್ರಹಾಲಯಕ್ಕೆ ವಾರದ ರಜೆ. ಗೌನನ್ನು ಬೊಂಬೆಗೆ ತೊಡಿಸಲೆಂದೇ ಅವಳು ಬಂದಿದ್ದಳು. ಕೆಳಗಿನಿಂದ ಒಂದೊಂದೇ ಹುಕ್ಕು ಹಾಕುತ್ತ ಬಂದಳು. ಕಪ್ಪು, ಕಪ್ಪು, ಕಪ್ಪು... ನಡುಬೆನ್ನಿಗೆ ಬಂದಾಗ ಬೆರಳು ತಡೆಯಿತು. ಅಲ್ಲಿನ ನಾಲ್ಕರ ಸುತ್ತ ಒಂದು ಕಲೆಯೂ ಇಲ್ಲ. ಬಳಸಿದ ಗುರುತೇ ಇಲ್ಲ. ಕುತ್ತಿಗೆಯ ಹತ್ತಿರ ಮತ್ತೆ ಕಪ್ಪು.

ಅವಳು ತನ್ನ ಕೈಯನ್ನೇ ಬೆನ್ನಿಗೆ ತಿರುಚಿ ನೋಡಿದಳು. ಕೆಳಗಿನಿಂದ ಅಲ್ಲಿಯವರೆಗೆ ಎಟುಕಲಿಲ್ಲ. ಭುಜದ ಮೇಲಿಂದಲೂ ಎಟುಕಲಿಲ್ಲ.

ಬೇರೊಬ್ಬರು ಹಾಕಿಕೊಟ್ಟಿದ್ದರೆ ಹದಿನಾರೂ ಹಾಕಿರುತ್ತಿದ್ದರು. ಇದನ್ನು ತೊಟ್ಟವರಿಗೆ ಬೆನ್ನ ಹಿಂದೆ ಯಾರೂ ಇರಲಿಲ್ಲ. ಆ ಕಪ್ಪು ಬೆರಳು ತೊಟ್ಟವನದೇ.

"ಅಯ್ಯೋ ದೇವರೇ... ನಾನು ಅಂದದ್ದು ಅವನಿಗೇ!"

ಮೆಟ್ಟಿಲು ಹತ್ತಿ ಅವಳು ತಾರಸಿಯ ಲಿಫ್ಟ್ ಯಂತ್ರದ ಕೋಣೆಗೆ ಓಡಿದಳು. ರಜಾದಿನವೇ ಅವನು ಯಂತ್ರಕ್ಕೆ ಎಣ್ಣೆ ಹಾಕುವುದು. ಎದ್ದು ನಿಂತವನ ಕಣ್ಣಲ್ಲಿ ಪೆಟ್ಟು ತಿಂದವನ ಅಂಜಿಕೆ.

"ಬೇರೆ ಯಾವಳೋ ತೊಟ್ಟಿದ್ದಾಳೆ, ನೀವು ಹುಕ್ಕು ಹಾಕಿಕೊಟ್ರಿ ಅಂದ್ಕೊಂಡೆ. ಹೊಟ್ಟೆಕಿಚ್ಚಿಗೆ ಹಾಗಂದೆ," ಎಂದಳು ಏದುಸಿರಿನಲ್ಲಿ. "ತೊಟ್ಟಿದ್ದು ನೀವು ಅಂತ ಈಗ ಗೊತ್ತಾಯ್ತು."

ಅವನು ಬಟ್ಟೆಯ ಚೂರಿಗೆ ಕೈ ಒರೆಸುತ್ತಲೇ ಇದ್ದ. ಕೊನೆಗೆ ಮೆಲ್ಲನೆ ಹೇಳಿದ: ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ತೊಟ್ಟು ಕನ್ನಡಿ ಮುಂದೆ ಕೂರುವುದು, ಅಷ್ಟೇ. ಹದಿನೇಳನೇ ವಯಸ್ಸಿನಿಂದ. ಅಕ್ಕ ಈಗ ಹೆಣ್ಣು ಹುಡುಕುತ್ತಿದ್ದಾಳೆ. ಬರುವವಳು ಕಂಡರೆ ಏನೆಂದಾಳೋ ಎಂದು ಹೆದರಿ ಗೌನನ್ನೇ ಮನೆಯಿಂದ ಸಾಗಿಸಿದ್ದ.

"ಹೆಂಗಸಾಗ್ಬೇಕು ಅಂತ ಆಸೆ ಏನಿಲ್ಲ. ವಾರವೆಲ್ಲ ಬಿಗಿಹಿಡಿದ ಉಸಿರನ್ನ ಅದರೊಳಗೆ ಬಿಡ್ತೀನಿ. ಯಾಕೆ ಅಂತ ನಂಗೂ ಗೊತ್ತಿಲ್ಲ. ಕೊಟ್ಟ ಮೇಲೆ ನಿದ್ದೆ ಹತ್ತಿಲ್ಲ."

"ಬನ್ನಿ ಕೆಳಗೆ," ಎಂದಳು ಅವಳು.

ಬೊಂಬೆಯ ಮೈಯಿಂದ ಗೌನು ಬಿಚ್ಚಿ ಅವನ ಕೈಗಿಟ್ಟು ಅವಳು ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಹಿಂದೆ ಮಖಮಲ್ಲಿನ ಸರಸರ. ದುರಸ್ತಿ ವಿಭಾಗದ ಯಾವ ನಿಯಮವೂ ಇದನ್ನು ಒಪ್ಪದು ಎಂದು ಅವಳಿಗೆ ಗೊತ್ತಿತ್ತು.

"ಹ್ಞೂಂ," ಎಂದ ಅವನು.

ಅವಳು ತಿರುಗಿದಳು... ಉಸಿರಾಡುವುದನ್ನೇ ಮರೆತಳು.

ಅದೇ ಕುರುಚಲು ಗಡ್ಡ, ಅದೇ ಒರಟು ಕೈ. ಆದರೆ ದಿನವೂ ಬಗ್ಗಿಯೇ ಇರುತ್ತಿದ್ದ ಆ ಭುಜಗಳು ಈಗ ನೆಟ್ಟಗಿದ್ದವು, ಕುತ್ತಿಗೆ ಮೇಲೆದ್ದಿತ್ತು. ಪರಿಚಯವಾದಾಗಿನಿಂದ ಮೊದಲ ಸಲ ಅವನು ಅವಳನ್ನು ನೇರ ನೋಡುತ್ತಿದ್ದ. ಎಷ್ಟು ಚೆಂದ ಇದ್ದಾನೆ ಇವನು! ಇಷ್ಟು ದಿನ ನಾನು ಅರ್ಧ ಮನುಷ್ಯನನ್ನೇ ನೋಡುತ್ತಿದ್ದೆನಲ್ಲ... ಅವಳ ಕಣ್ಣು ತುಂಬಿತು.

"ತಿರುಗಿ ಸ್ವಲ್ಪ."

ನಡುಬೆನ್ನಲ್ಲಿ ಗೌನು ಬಾಯಿ ಬಿಟ್ಟುಕೊಂಡಿತ್ತು. ಅವಳು ಒಂದೊಂದಾಗಿ ನಾಲ್ಕೂ ಹುಕ್ಕು ಹಾಕಿದಳು. ಕೊನೆಯದು ಬಿದ್ದಾಗ ಅವನ ಬೆನ್ನು ನಡುಗಿತು.

"ಇದು ನಾಳೆಯಿಂದ ಗಾಜಿನೊಳಗೆ. ನಿನ್ನ ಅಳತೇಲಿ ಇನ್ನೊಂದು ನಾನು ಹೊಲಿದುಕೊಡ್ತೀನಿ."

ಮೇಡಂ 'ನಿನ್ನ' ಎಂದದ್ದು ಅವನಿಗೆ ಕೇಳಿಸಿತು.

"ಅದಕ್ಕೂ ಹುಕ್ಕು ಬೆನ್ನಿಗೇ ಇಡ್ತೀಯಾ? ನಂಗೆ ಎಟುಕಲ್ಲ."

"ಬೆನ್ನಿಗೇ ಇಡ್ತೀನಿ," ಎಂದಳು ಅವನ ಬೆನ್ನಿಗೆ ಹಣೆ ಒರಗಿಸಿ. "ನಿನ್ನ ಅಕ್ಕನಿಗೆ ಇನ್ನು ಹುಡುಕೋದು ಬೇಡ ಅಂತ ಹೇಳು."