ಕನ್ನಡಕದಂಗಡಿಯ ಬಣ್ಣದ ಚೀಟಿ

"ನಮ್ಮ ಯಜಮಾನ್ರನ್ನ ಯಾರೋ ಅಳಿಸಿಬಿಟ್ರು ಕರಡಮ್ಮ," ಎನ್ನುತ್ತ ಕೆಳಗಿನ ಕನ್ನಡಕದಂಗಡಿಯಾಕೆ ನಮ್ಮ ಬಾಗಿಲಲ್ಲೇ ಕುಸಿದು ಕೂತರು.

ಕರಡಮ್ಮ ಎಂದರೆ ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ನನ್ನ ಅಕ್ಕ. ಅಲ್ಲೇ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನಾನು ಈಗ ಆಕೆಗೆ ಚಹಾ ಜೋಡಿಸುತ್ತೇನೆ. ಕಟ್ಟಡದಲ್ಲಿ ಏನು ಕಳೆದರೂ ಮೊದಲ ದೂರು ಆಕೆಗೇ.

ಅಂಗಡಿಯಾಕೆಯ ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಗಿರಾಕಿಗಳ ಕಣ್ಣಿನ ನಂಬರು ಬರೆದಿಡುವ ಅವರ ಪ್ರೋಗ್ರಾಂ ಓಬೀರಾಯನ ಕಾಲದ್ದು. ಯಾವ ಜಾತಿಯ ಕಂಪ್ಯೂಟರಿಗೆ ಹಾಕಿದರೂ ಓಡುತ್ತಿತ್ತು, ಎಲ್ಲೆಡೆಯೂ ಅದೇ ಬೂದು ಮುಖ. ಆತ ಪುಟ್ಟದೊಂದು ಫೈಲು ಬರೆದು ಅದಕ್ಕೆ ಬೆಣ್ಣೆಯ ಬಣ್ಣ, ಹಸಿರು ಗುಂಡಿ, ದೊಡ್ಡ ಅಕ್ಷರ ತೊಡಿಸಿದ್ದರು. ಆ ಫೈಲನ್ನು ಎಲ್ಲರೂ 'ಬಣ್ಣದ ಚೀಟಿ' ಎನ್ನುತ್ತಿದ್ದರು. ನಿನ್ನೆ ಬೆಳಿಗ್ಗೆ ಚೀಟಿ ಮಾಯವಾಗಿ ಪರದೆ ಬೂದಾಗಿತ್ತು.

"ಮೊನ್ನೆ ರಿಪೇರಿಯವನು ಹೋದ್ಮೇಲೆ ನಾನೇ ಆನ್ ಮಾಡ್ದೆ, ಆಗ ಸರಿಯಾಗೇ ಇತ್ತು," ಎಂದರು ಆಕೆ. "ಅಕ್ಷರ ಅಷ್ಟು ದೊಡ್ಡದು ಯಾಕೆ ಅಂತ ಎಷ್ಟೋ ಸಲ ಕೇಳಿದ್ದೆ. ನಗೋರು, ಹೇಳ್ತಿರ್ಲಿಲ್ಲ. ಆ ಪರದೆ ನೋಡಿದ್ರೆ ದಿನಾ ಅವರೇ ಎದುರಿಗೆ ಕೂತ ಹಾಗಿರೋದು. ಈಗ ಕಂಪ್ಯೂಟರ್ ಮುಂದಿನ ಕುರ್ಚಿ ಹತ್ರ ಹೋಗೋಕೇ ಆಗ್ತಿಲ್ಲ."

ನಾವು ಕೆಳಗಿಳಿದೆವು. "ಪ್ಲಗ್ಗು ಕಿತ್ತು ಫ್ಯಾನಿನ ಧೂಳು ತೆಗ್ದೆ, ಅಷ್ಟೇ," ಎಂದ ಅಲ್ಲಿಗೆ ಕರೆಸಿದ್ದ ರಿಪೇರಿಯವನು. ಅಂಗಡಿಯಾಕೆಯ ಅಳಿಯ ಹೊಸ ಪ್ರೋಗ್ರಾಂ ತರೋಣವೆಂದು ತಿಂಗಳಿಂದ ಬೆನ್ನು ಬಿದ್ದಿದ್ದ. ನನಗೆ ಅವನ ಮೇಲೇ ಅನುಮಾನ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು ಅಂಗಡಿಯಾಕೆಯ ನಾದಿನಿ, ತೀರಿಕೊಂಡವರ ತಂಗಿ. ಅವಳ ಕಂಪ್ಯೂಟರು ಬೇರೆಯೇ ಜಾತಿಯದು, ಚೀಟಿ ಅದರಲ್ಲಿ ನಡೆಯದೆಂದುಕೊಂಡು ಅವಳನ್ನು ನಾನು ಗಣನೆಗೇ ತೆಗೆದುಕೊಳ್ಳಲಿಲ್ಲ. ನಮ್ಮನ್ನು ಕಂಡು ಅವಳು ತನ್ನ ಪರದೆಯನ್ನು ಗೋಡೆಯತ್ತ ತಿರುಗಿಸಿದಳು.

"ಪಾಪ ಅತ್ತಿಗೆ. ಕನ್ನಡಕ ಮರೆತು ಬರ್ತಾರೆ ಅಂತಾನೇ ಅಣ್ಣ ಅಕ್ಷರಕ್ಕೆ ಹದಿನೆಂಟು ಇಟ್ಟಿದ್ದ," ಎಂದಳು.

ಅಕ್ಕ ಅಂಗಡಿಯ ಕಂಪ್ಯೂಟರಿನಲ್ಲಿ ಏನೋ ಹುಡುಕಿಸಿ ನೋಡಿ, ಸಂಜೆ ಎಲ್ಲರನ್ನೂ ಅಲ್ಲಿಗೇ ಸೇರಿಸಿದಳು.

"ರಿಪೇರಿಯವನು ಪ್ಲಗ್ಗು ಕಿತ್ತ ಮೇಲೆ ಮತ್ತೆ ಆನ್ ಮಾಡಿದಾಗಲೂ ಬಣ್ಣ ಇತ್ತು. ಅವನಲ್ಲ. ಅಳಿಯನಿಗೆ ಪ್ರೋಗ್ರಾಮೇ ಬೇಡ. ಮರ ಕಡಿಯೋಕೆ ಬಂದವನು ಬರೀ ಎಲೆ ಕಿತ್ತುಕೊಂಡು ಹೋಗ್ತಾನಾ?"

"ಸದ್ಯ, ಬದುಕಿದೆ!" ಎಂದ ಅಳಿಯ.

ಅಕ್ಕ ನಾದಿನಿಯತ್ತ ತಿರುಗಿದಳು. "ಹದಿನೆಂಟು ಅನ್ನೋ ಅಂಕಿ ಪರದೆ ಮೇಲೆ ಎಲ್ಲೂ ಕಾಣಲ್ಲ ಕಣಮ್ಮ. ಹೆಂಡ್ತಿಗೇ ಹೇಳದ ಕಾರಣ ನಿನಗೆ ಗೊತ್ತು ಅಂದ್ರೆ, ನೀನು ಚೀಟಿ ಬಿಚ್ಚಿ ಓದಿದೀಯ. ಪ್ರೋಗ್ರಾಂ ಎಲ್ಲ ಕಂಪ್ಯೂಟರಲ್ಲೂ ಓಡೋದಾದ್ರೆ ಚೀಟಿಯೂ ನಿನ್ನದರಲ್ಲಿ ನಡೆಯುತ್ತೆ. ಆ ಬಣ್ಣ ನಮಗೆ ಕಾಣಬಾರದು ಅಂತಲೇ ನೀನು ಪರದೆ ತಿರುಗಿಸಿದ್ದು. ನಾನು ಹುಡುಕಿಸಿ ನೋಡಿದೆ. ಚೀಟಿ ಈ ಕಂಪ್ಯೂಟರಲ್ಲೇ, ನಿನ್ನ ಗಾಜಿನ ಅಳತೆಗಳ ಫೋಲ್ಡರಲ್ಲಿದೆ."

ನಾದಿನಿಯ ಕಣ್ಣು ತುಂಬಿತು. "ನಕಲು ಮಾಡ್ಕೊಳ್ಳೋಣ ಅಂತಿದ್ದೆ, ಅಷ್ಟೇ. ದಿನಾ ಪೆನ್‌ಡ್ರೈವಿಗೆ ಅಳತೆಗಳನ್ನ ಎಳೆದು ಹಾಕ್ತೀನಿ, ಇಲ್ಲೂ ಒಂದು ಉಳಿದಿರುತ್ತೆ. ಮೊನ್ನೆ ಚೀಟೀನ ಮೊದಲು ನನ್ನ ಫೋಲ್ಡರಿಗೆ ಎಳೆದೆ, ಅಲ್ಲಿಂದ ಪೆನ್‌ಡ್ರೈವಿಗೆ…"

"ಬೇರೆ ಡಿಸ್ಕಿಗೆ ಎಳೆದ್ರೆ ನಕಲು. ಅದೇ ಡಿಸ್ಕಿನೊಳಗೆ ಎಳೆದ್ರೆ ಫೈಲೇ ಜಾಗ ಬಿಟ್ಟು ಹೋಗುತ್ತೆ," ಎಂದಳು ಅಕ್ಕ.

"ಅತ್ತಿಗೆ ಅಳೋದು ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ. ಆ ಕೋಣೇಲಿ ಗಾಜಿನ ಪುಡಿ ಬಿಟ್ರೆ ಅಣ್ಣಂದು ಅಂತ ನಂಗೇನಿತ್ತು?"

ಅಕ್ಕ ಚೀಟಿಯನ್ನು ಮೊದಲಿನ ಜಾಗಕ್ಕೆ ಸೇರಿಸಿದಳು. ಪರದೆಗೆ ಬೆಣ್ಣೆಯ ಬಣ್ಣ ಮರಳಿತು. ಆಮೇಲೆ ಚೀಟಿಯನ್ನೇ ತೆರೆದಳು. ಅದರಲ್ಲಿ ಪ್ರೋಗ್ರಾಂ ಓದದೆ ದಾಟಿಹೋಗುವ ಟಿಪ್ಪಣಿಗಳೂ ಇದ್ದವು, ಆತ ತನ್ನ ಪಾಡಿಗೆ ಬರೆದುಕೊಂಡವು. ಅಲ್ಲಿಯ ಅಕ್ಷರ ಸಣ್ಣದು. ಅಂಗಡಿಯಾಕೆ ಕಣ್ಣು ಕಿರಿದು ಮಾಡಿದರು. ಅವರ ಕನ್ನಡಕ ಮನೆಯಲ್ಲೇ ಉಳಿದಿತ್ತು.

ನಾದಿನಿ ಓದಿದಳು. "'ಅಕ್ಷರ ಹದಿನೆಂಟು. ಅವಳು ಕನ್ನಡಕ ಮರೆತು ಬರುತ್ತಾಳೆ. ಕೇಳಿದರೆ ಹೇಳಬಾರದು, ಬೇಜಾರು ಮಾಡಿಕೊಳ್ಳುತ್ತಾಳೆ.' 'ಗುಂಡಿಗೆ ಹಸಿರು. ತಂಗಿ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಸ್ವೆಟರಿನ ಬಣ್ಣ.'"

"ಹಸಿರು ಗುಂಡೀಲಿ ನಿನ್ನನ್ನೂ ನನ್ನ ಮುಂದೇನೇ ಕೂರಿಸಿದ್ರಲ್ಲೇ," ಎಂದರು ಅಂಗಡಿಯಾಕೆ. ಏಳು ತಿಂಗಳಿಂದ ಮೂಲೆಯಲ್ಲಿದ್ದ ಎರಡನೇ ಕುರ್ಚಿಯನ್ನು ಎಳೆದು ತಮ್ಮ ಪಕ್ಕಕ್ಕೆ ಹಾಕಿದರು. "ಕೂತ್ಕೊ. ಇನ್ನೊಂದ್ಸಲ ಓದು. ನಿಧಾನಕ್ಕೆ."