ಕಾವಿನ ಕೋಣೆಯ ಫ್ಯಾನು

ಬೇಸಿಗೆ ನೆತ್ತಿಗೇರಿತ್ತು. ಹ್ಯಾಚರಿಯ ತಗಡಿನ ಮಾಡು ಕಾದು ಚಟಚಟ ಎನ್ನುತ್ತಿತ್ತು. ಅವಳು ಅಂಗಿಯ ತೋಳು ಮಡಚಿ, ಕಾವಿನ ಪೆಟ್ಟಿಗೆಯೊಳಗಿನ ಮೊಟ್ಟೆಯ ಟ್ರೇಗಳನ್ನು ಒಂದೊಂದಾಗಿ ಕೈಯಿಂದಲೇ ಓರೆ ಮಾಡುತ್ತಿದ್ದಳು. ಹಾಗೆ ಓರೆ ಮಾಡದಿದ್ದರೆ ಒಳಗಿನ ಮರಿ ಚಿಪ್ಪಿಗಂಟಿ ಸಾಯುತ್ತದೆ. ಗಂಟೆಗೊಮ್ಮೆ ಈ ಕೆಲಸ ಮಾಡಬೇಕಾದದ್ದು ಮೂಲೆಯ ಕಂಪ್ಯೂಟರು. ಅದು ಬಿಸಿಯಾಗಿ ತಾನಾಗಿಯೇ ಆರಿಹೋಗಿದ್ದು ಆ ವಾರದಲ್ಲಿ ಮೂರನೆಯ ಸಲ.

"ಈ ಸಲದ ಮೊಟ್ಟೆ ಕೆಟ್ಟರೆ ಹ್ಯಾಚರೀನ ಕೋಳಿ ಕಂಪನಿಯವರಿಗೆ ಕೊಟ್ಟುಬಿಡ್ತೀನಿ. ನೀನು ಸುಮ್ಮನೆ ಮನೇಲಿರು," ಎಂದು ಯಜಮಾನನಾದ ಅವಳ ಸೋದರಮಾವ ಬೆಳಗ್ಗೆಯೇ ಗುಡುಗಿ ಹೋಗಿದ್ದ.

'ಮನೇಲಿರಬೇಕಂತೆ! ಮೂರು ವರ್ಷ ಈ ಕೋಣೆ ನಡೆಸಿದ್ದು ಯಾರು?'

ಬಾಗಿಲಲ್ಲಿ ನೆರಳು ಬಿತ್ತು. ಪೇಟೆಯ ರಿಪೇರಿಯವನು. ಕಂಪ್ಯೂಟರಿನ ಡಬ್ಬಿಯ ಮುಚ್ಚಳ ತೆಗೆದು, ಕೋಳಿಪುಕ್ಕದ ಧೂಳು ಊದಿ, ತಲೆಯಾಡಿಸಿದ.

"ಹಳೇದು. ಹೊಸದು ತಗೊಳ್ಳಿ."

"ನಾನು ಕೇಳಿದ್ದು ರಿಪೇರಿ. ಸಲಹೆ ಅಲ್ಲ!"

ಅವನು ಮುಖವೆತ್ತಿ ಅವಳನ್ನು ನೋಡಿದ. ಬೆವರಿಳಿಯುತ್ತಿದ್ದ ಮುಖ... ಸೋಲೊಪ್ಪದ ಕಣ್ಣು. ಅವನಿಗೆ ನಗು ಬಂತು. ಕಂಪ್ಯೂಟರು ಚಾಲೂ ಮಾಡಿ ಪರದೆ ನೋಡಿದ.

"ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿದೆಯಲ್ಲ. ಯಾರು ಹಾಕಿದ್ದು?"

"ನಾನೇ. ಏನೀಗ?"

"ಏನಿಲ್ಲಮ್ಮ ತಾಯಿ. ಎಷ್ಟು ಬಿಸಿ ಅಂತ ಅದನ್ನೇ ಕೇಳೋಣ ಬನ್ನಿ."

ಬಿಸಿ ಅಳೆಯುವ ಚಿಪ್ ಬೋರ್ಡಿನಲ್ಲೇ ಇತ್ತು. ಅದರ ಮಾತು ಕಂಪ್ಯೂಟರಿಗೆ ತಿಳಿಸುವ ಡ್ರೈವರು ತಂತ್ರಾಂಶ ಮಾತ್ರ ಲೋಡ್ ಆಗಿರಲಿಲ್ಲ. ಅದೊಂದನ್ನು ಹುಡುಕಿ ಹಾಕಿದ್ದೇ ತಡ, ಪರದೆಯ ಮೇಲೆ ಬಿಸಿಯ ಅಂಕಿಗಳು ನಂಬರು ಹೊತ್ತು ಸಾಲಾಗಿ ಮೂಡಿದವು. ಎರಡನೆಯದು ಪ್ರೊಸೆಸರಿನದು, ತೊಂಬತ್ತನಾಲ್ಕು ಡಿಗ್ರಿ! ಅದನ್ನು ತಂಪಾಗಿಸಬೇಕಾದ ಫ್ಯಾನು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲದಂತೆ ತೂಕಡಿಸುತ್ತಿತ್ತು.

"ಮೊಟ್ಟೆಗೆ ಕಾವು ಬೇಕು, ಇದಕ್ಕೆ ತಂಪು ಬೇಕು. ಒಂದೇ ಕೋಣೇಲಿ ಇಬ್ಬರನ್ನೂ ಸಾಕ್ತಿದ್ದೀರಿ," ಎಂದ ಅವನು.

ಬಿಸಿ ಏರಿದರೆ ಫ್ಯಾನು ಜೋರಾಗಲಿ ಎಂದು ಅವಳೇ ಕಂಪ್ಯೂಟರಿಗೆ ಆದೇಶ ಕೊಡುವ ಹತ್ತು ಸಾಲಿನ ಸ್ಕ್ರಿಪ್ಟು ಬರೆದಳು. ಅವನು ಬೆನ್ನ ಹಿಂದೆ ನಿಂತು ಇಣುಕಿದ.

"ಎರಡನೇ ನಂಬರಿನ ಬಿಸಿ ನೋಡು ಅಂತ ಬರೆದಿದ್ದೀರಿ. ನಂಬರು ಬೇಡ, ಚಿಪ್ ಹೆಸರು ಹಾಕಿ."

"ನನ್ನ ಕಂಪ್ಯೂಟರು ನನಗೆ ಗೊತ್ತು!"

ಫ್ಯಾನು ಭರ್ರೆಂದಿತು. ಇಬ್ಬರೂ ಒಟ್ಟಿಗೇ ನಕ್ಕರು. ಆಮೇಲೆ ಅವನು ಹೊರಡಲು ಯಾಕೋ ತಡ ಮಾಡಿದ...

ಮೂರನೆಯ ದಿನ ಅವಳು ಕೋಳಿಮನೆಗೆ ಹೋಗಿದ್ದಾಗ ಅವನು ಬಂದು, ಡಬ್ಬಿ ತೆರೆದು ಏನೋ ಮಾಡಿ ಹೋದನೆಂದು ಮಾವ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರು ಮತ್ತೆ ಆರಿತು. ಟ್ರೇಗಳು ನಿಂತಲ್ಲೇ ನಿಂತವು.

ಅವನಿಗೆ ಫೋನ್ ಮಾಡಿದವಳು ನಮಸ್ಕಾರವನ್ನೂ ಹೇಳಲಿಲ್ಲ.

"ಹೊಸದು ಮಾರೋಕೆ ಚೆನ್ನಾಗಿದೆ ಉಪಾಯ! ನಂಬಿದ್ದೆ ನಿಮ್ಮನ್ನ!"

ಆ ಕಡೆ ಅವನ ದನಿ ತಣ್ಣಗಿತ್ತು.

"ಹಾಗಂದ್ಕೊಂಡ್ರಾ? ಸರಿ. ಇನ್ನು ಬರಲ್ಲ, ಬಿಡಿ."

ಮಾವ ಜೇಬಿನಿಂದ ಫೋನು ತೆಗೆದ. "ಕಂಪನಿಯವರನ್ನ ಕರೀತೀನಿ."

ಅವಳು ಅಡ್ಡ ನಿಂತಳು. "ಸಂಜೆವರೆಗೆ ಯಾರನ್ನೂ ಕರೀಬೇಡಿ ಮಾವ. ಅಲ್ಲಿವರೆಗೆ ನನ್ನ ಕೈ ಇದೆ!"

ಗಂಟೆಗೊಮ್ಮೆ ಟ್ರೇ ಓರೆ ಮಾಡುತ್ತ, ನಡುನಡುವೆ ಹುಡುಕಿದಳು. ಡಬ್ಬಿಯೊಳಗೆ ಒಂದು ಹೊಸ ಡಿಸ್ಕ್ ಇತ್ತು. ಅದರ ತುಂಬ ಅವಳ ಮೂರು ವರ್ಷದ ದಾಖಲೆ... ಯಾವ ದಿನ ಎಷ್ಟು ಕಾವು, ಎಷ್ಟು ಮರಿ, ಎಲ್ಲದರ ನಕಲು. ಹಳೆಯ ಡಿಸ್ಕ್ ಎಂದಾದರೂ ಕೈಕೊಟ್ಟೀತೆಂದು ಅವನು ಹೇಳದೆಯೇ ಮಾಡಿಟ್ಟಿದ್ದ.

ಆಮೇಲೆ ಅಂಕಿಗಳನ್ನು ನೋಡಿದಳು. ಡಿಸ್ಕ್ ಸೇರಿದ ಮೇಲೆ ನಂಬರುಗಳು ಅದಲುಬದಲಾಗಿದ್ದವು. ಈಗ ಎರಡನೆಯ ನಂಬರು ಆ ತಣ್ಣನೆಯ ಹೊಸ ಡಿಸ್ಕಿನದು! ಅವಳ ಸ್ಕ್ರಿಪ್ಟು ಅದನ್ನು ನೋಡಿಕೊಂಡು ನೆಮ್ಮದಿಯಾಗಿತ್ತು. ಪಕ್ಕದಲ್ಲಿ ಪ್ರೊಸೆಸರು ಬೇಯುತ್ತಿತ್ತು.

'ಅವರು ಹೇಳಿದ್ದರು... ನಾನೇ ಕೇಳಲಿಲ್ಲ.'

ನಂಬರು ಅಳಿಸಿ ಚಿಪ್ ಹೆಸರು ಬರೆದಳು. ಫ್ಯಾನು ಭರ್ರೆಂದಿತು. ಈ ಸಲ ಒಬ್ಬಳೇ ಕೇಳಬೇಕಾಗಿ ಬಂದು ಕಣ್ಣು ತುಂಬಿತು.

ವಾರ ಕಳೆಯಿತು. ಕಂಪ್ಯೂಟರು ಒಮ್ಮೆಯೂ ಆರಲಿಲ್ಲ. ಮೊಟ್ಟೆಗಳು ಬಿರುಕು ಬಿಟ್ಟ ಬೆಳಗ್ಗೆ ಅವಳು ಅವನಿಗೆ ಫೋನ್ ಮಾಡಿ, "ನಿಮ್ಮ ಡಿಸ್ಕ್ ಇಲ್ಲಿದೆ," ಎಂದಷ್ಟೇ ಹೇಳಿ ಇಟ್ಟಳು.

ಅವನು ಬಂದಾಗ ಕೋಣೆಯ ತುಂಬ ಚಿಂವ್ ಚಿಂವ್ ಸದ್ದು. ಮಾವ ಮರಿಗಳನ್ನು ಎಣಿಸುತ್ತ ಎಣಿಕೆ ತಪ್ಪಿ, ಅವಳತ್ತ ನೋಡದೆಯೇ, "ಕಂಪನಿಯವರಿಗೆ ಬೇಡ ಅಂದೆ ಕಣಮ್ಮ," ಎಂದು ಗೊಣಗಿ ಹೊರಗೆ ನಡೆದ.

"ಎಲ್ಲಿ ಡಿಸ್ಕ್?" ಅವನು ಬಾಗಿಲಲ್ಲೇ ನಿಂತು ಕೇಳಿದ.

"ಕೊಡಲ್ಲ."

"ಮತ್ತೆ ಕರೆದದ್ದು?"

"ಬರಲ್ಲ ಅಂದಿದ್ರಲ್ಲ... ನೋಡೋಣ ಅಂತ." ಅವಳು ತಲೆ ತಗ್ಗಿಸಲಿಲ್ಲ. "ತಪ್ಪು ನನ್ನದು. ಬೈಯೋದಿದ್ರೆ ಬೈಯಿರಿ. ಆದರೆ ಒಳಗೆ ಬಂದು ಬೈಯಿರಿ."

ಅವನು ಒಳಗೆ ಬಂದ. ಆಗ ತಾನೇ ಒಡೆದ ಚಿಪ್ಪಿನಿಂದ ಹೊರಬಿದ್ದ ಒದ್ದೆ ಮರಿಯನ್ನು ಅವಳು ಅವನ ಅಂಗೈಯಲ್ಲಿಟ್ಟಳು. ಕೈ ಹಿಂದೆಗೆಯಲಿಲ್ಲ.

"ಹಾಗಾದ್ರೆ ಆ ಡಿಸ್ಕ್ ಸಾಲ ಆಯ್ತು," ಎಂದ ಅವನು ಮೆಲ್ಲಗೆ. "ಯಾವಾಗ ತೀರಿಸ್ತೀರಿ?"

"ತೀರಿಸೋದೇ ಇಲ್ಲ! ಕೇಳೋಕೆ ದಿನಾ ಬನ್ನಿ."